ನನ್ನ ಪಗಾರಚೀಟಿ ಪಾಂಡಿತ್ಯ

ಬಿ.ಕಾಂ. ಪಾಸಾದವನಿಗೆ ಪಗಾರಚೀಟಿ ಓದಲು ಬರುತ್ತದೆ ಎಂದು ಜನ ಯಾಕೆ ನಂಬುತ್ತಾರೋ ತಿಳಿಯದು. ನನಗಂತೂ ಬರುತ್ತಿರಲಿಲ್ಲ. ಕೆಳಗಿನ ಮೊತ್ತ ನೋಡಿ, ನಿಟ್ಟುಸಿರು ಬಿಟ್ಟು, ಮಡಚಿ ಕಿಸೆಗೆ ಹಾಕುವುದಷ್ಟೇ ನನಗೆ ಗೊತ್ತಿದ್ದ ವಾಣಿಜ್ಯಶಾಸ್ತ್ರ.

ತೊಂಬತ್ತರ ದಶಕದ ಕೊನೆಯ ಮಾತು. ಲಕಮನಹಳ್ಳಿಯ ಒಂದು ಕಾರಖಾನೆಯ ಸ್ಟೋರಿನಲ್ಲಿ ನಾನು ಗುಮಾಸ್ತ. ಕೆಲಸ ಕಾರಖಾನೆಯದು, ಪಗಾರ ಕೊಡುವವರು ಮಾತ್ರ ನಮ್ಮನ್ನು ಅಲ್ಲಿಗೆ ಒದಗಿಸಿದ ಕೇಶ್ವಾಪುರದ ಗುತ್ತಿಗೆದಾರರು. ‘ಅಳಿಯಂದಿರು ಯಾವ ಕಂಪನ್ಯಾಗ ಅದಾರ್ರಿ?’ ಎಂದು ಯಾರಾದರೂ ಕೇಳಿದರೆ ನನ್ನ ಮಾವನವರು, ‘ಚಹಾ ಆತೇನ್ರಿ?’ ಎಂದು ಮಾತು ತಿರುಗಿಸುತ್ತಿದ್ದರು. ಪಗಾರ ಯಾಕೆ ತಡವಾಯಿತೆಂದು ಕೇಳಿದರೆ ಕಾರಖಾನೆಯವರು ಗುತ್ತಿಗೆದಾರರತ್ತ, ಗುತ್ತಿಗೆದಾರರು ಕಾರಖಾನೆಯತ್ತ ಬೆರಳು ತೋರುತ್ತಿದ್ದರು. ಪೆಂಡಾಲಿನ ಖರ್ಚು ಯಾರದೆಂದು ಕೇಳಿದಾಗ ಬೀಗರೂ ಹೀಗೆಯೇ ಮಾಡುತ್ತಾರೆ.

ಪಗಾರದಲ್ಲಿ ಮುರಿದುಕೊಂಡದ್ದರ ಪಟ್ಟಿಯೇ ಉದ್ದ: ಪಿ.ಎಫ್., ಇ.ಎಸ್.ಐ., ಸಮವಸ್ತ್ರ, ಸೇವಾ ಶುಲ್ಕ. ಹಿಂದೆ ಹಳ್ಳಿಗಳಲ್ಲಿ ಕಣದ ರಾಶಿಯಾದ ಕೂಡಲೇ ಬಡಿಗ, ಕಮ್ಮಾರ, ಕುಂಬಾರ ಬಂದು ತಮ್ಮ ಪಾಲಿನ ಆಯ ಒಯ್ಯುತ್ತಿದ್ದರು. ರೈತನ ಕಾಳು ಕಡಿಮೆಯಾಗುತ್ತಿತ್ತು ನಿಜ, ಆದರೆ ಒಯ್ದವನ ಮುಖ ಅವನಿಗೆ ಗೊತ್ತಿತ್ತು. ಕುಂಟೆ ಮುರಿದರೆ ನೆಟ್ಟಗೆ ಬಡಿಗನ ಮನೆಗೆ ಹೋಗಬಹುದಿತ್ತು. ನಮ್ಮ ಆಯಗಾರರಿಗೆ ಮುಖವಿಲ್ಲ, ಬರೀ ಇಂಗ್ಲಿಷ್ ಅಕ್ಷರ. ಇದನ್ನೆಲ್ಲ ನಾನು ಊಟದ ಬಿಡುವಿನಲ್ಲಿ ಬಹಳ ಗಂಭೀರವಾಗಿ ಹೇಳುತ್ತಿದ್ದೆ. ಕೇಳುತ್ತಿದ್ದವನು ಫಿಟರ್ ಮಕಬೂಲ, ನನ್ನಂತೆಯೇ ಗುತ್ತಿಗೆಯವನು. ಹಾಗೆ ಕೇಳುವವನು ಸಿಕ್ಕರೆ ಬಿ.ಕಾಂ. ಸುಮ್ಮನಿರುತ್ತದೆಯೇ?

ಒಂದು ದಿನ ಅವನು ಚೀಟಿ ಹಿಡಿದು, ‘ಸರ, ಈ ಇ.ಎಸ್.ಐ. ಅಂದ್ರ ಏನ್ರಿ?’ ಎಂದ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ‘ಅದೊಂದ್ ನಮೂನಿ ಟ್ಯಾಕ್ಸಪಾ. ಸರ್ಕಾರಕ್ಕ ಹೋತಂದ್ರ ಹೋತು’ ಎಂದುಬಿಟ್ಟೆ. ಅವನು ತಲೆದೂಗಿ ಚೀಟಿ ಮಡಚಿದ.

ಐದಾರು ತಿಂಗಳಾಗಿರಬೇಕು. ಮಕಬೂಲನ ಹೆಂಡತಿ ತುಂಬು ಬಸುರಿ. ಆಪರೇಶನ್ನೇ ಆಗಬೇಕಾದೀತು ಎಂದಿದ್ದರು ಡಾಕ್ಟರು. ಖಾಸಗಿ ಆಸ್ಪತ್ರೆಯ ಖರ್ಚಿಗೆಂದು ಅವನು ತನ್ನ ಫಟಫಟಿ ಮಾರಲು ಗಿರಾಕಿ ನೋಡಿದ್ದ. ಅದು ಹೋದರೆ ಅವನ ಮನೆಯಿದ್ದ ಬೈರಿದೇವರಕೊಪ್ಪದಿಂದ ಬೆಳಗಿನ ಪಾಳಿಗೆ ಹೊತ್ತಿಗೆ ಸರಿಯಾಗಿ ಬರುವುದು ಕನಸೇ. ವಿಷಯ ಕೇಳಿದ ಕಾಯಂ ನೌಕರನೊಬ್ಬ, ‘ಇ.ಎಸ್.ಐ. ಮುರಕೊಳ್ತಾರಲ್ಲೋ. ಕಾರ್ಡ್ ತಗೊಂಡು ಅವರ ದವಾಖಾನಿಗೆ ಹೋಗು, ಪುಕ್ಕಟ ನೋಡ್ತಾರ’ ಎಂದನಂತೆ.

ಮಕಬೂಲ ನೇರ ನನ್ನ ಮೇಜಿಗೆ ಬಂದ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ‘ಸರ, ನೀವು ಟ್ಯಾಕ್ಸ್ ಅಂದಿದ್ರಲ್ರಿ’ ಎಂದಷ್ಟೇ ಹೇಳಿದ.

‘ನನಗ ಗೊತ್ತಿರಲಿಲ್ಲಪಾ’ ಎಂದೆ.

ಅಂದೇ ಅರ್ಧ ದಿನ ರಜೆ ಹಾಕಿ, ಇನ್ನೂ ಮಾರಾಟವಾಗದ ಫಟಫಟಿಯ ಮೇಲೆ ಇಬ್ಬರೂ ಕೇಶ್ವಾಪುರಕ್ಕೆ ಹೋದೆವು. ಗುತ್ತಿಗೆದಾರರು ಚಹಾ ತರಿಸಿದರು. ‘ಫಾರ್ಮ್ ತುಂಬಿ ಫೋಟೋ ಕೊಡಬೇಕಿತ್ರಿ. ನೀವೂ ಕೇಳಲಿಲ್ಲ, ನಾವೂ ಹೇಳಲಿಲ್ಲ’ ಎಂದು ನಕ್ಕರು. ಫಾರ್ಮನ್ನು ನಾನೇ ತುಂಬಿದೆ. ನನ್ನ ಪದವಿ ಮೊದಲ ಸಲ ಯಾರದೋ ಉಪಯೋಗಕ್ಕೆ ಬಂತು. ಹೇಗೂ ಬಂದಿದ್ದೇವೆಂದು ಉಳಿದ ಸಾಲುಗಳನ್ನೂ ಒಂದೊಂದಾಗಿ ಕೇಳಿದೆವು. ಸೇವಾ ಶುಲ್ಕವೆಂದರೆ ಉಳಿದದ್ದನ್ನೆಲ್ಲ ಲೆಕ್ಕ ಹಾಕಿ ಮುರಿದುಕೊಳ್ಳುವ ಶ್ರಮಕ್ಕೆ ಅವರಿಗೆ ಸಲ್ಲುವ ಕೂಲಿಯಂತೆ. ಅದನ್ನು ಹೇಳುವಾಗಲೂ ಅವರು ನಕ್ಕರು, ನಾವು ನಗಲಿಲ್ಲ.

ಹದಿನೈದು ದಿನಕ್ಕೆ ಕಾರ್ಡು ಬಂತು. ಹೆರಿಗೆ ಇ.ಎಸ್.ಐ. ದವಾಖಾನೆಯಲ್ಲೇ ಆಯಿತು, ಹೆಣ್ಣುಮಗು. ಪೇಡೆ ಕೊಡಲು ಬಂದ ಮಕಬೂಲನ ಮುಂದೆ ನಾನು ಮತ್ತೊಮ್ಮೆ ತಪ್ಪೊಪ್ಪಿಕೊಳ್ಳಲು ಹೋದೆ. ಅವನು ಕೇಳಲಿಲ್ಲ.

‘ಬಿಡ್ರಿ ಸರ. ಗೊತ್ತಿಲ್ಲ ಅಂತ ಅವತ್ತ ಅಂದಿದ್ರ, ಅವತ್ತ ಇಬ್ರೂ ಕೂಡಿ ಹೋಗಿ ಕೇಳ್ತಿದ್ವಿ, ಅಷ್ಟ’ ಎಂದ.

ಈಗ ಯಾರಾದರೂ ಪಗಾರಚೀಟಿ ತಂದು ನನ್ನ ಮುಂದೆ ಹಿಡಿದರೆ, ನಾನು ಕನ್ನಡಕ ಹುಡುಕುವುದಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತೇನೆ.