ಉಸಿರಿನ ಕೋಣೆಯ ಗಿಡ್ಡ ಸ್ಟೂಲು

ಬೆಳಿಗ್ಗೆ ಐದೂ ಮುಕ್ಕಾಲು. ಆಸ್ಪತ್ರೆಯ ನೆಲಮಹಡಿಯ ಕೊನೆಯ ಕೋಣೆಯಲ್ಲಿ ಆಯಮ್ಮ ಮಾಸ್ಕುಗಳನ್ನು ತೊಳೆಯುತ್ತಿದ್ದಾರೆ. ಉಬ್ಬಸ ಬಂದವರ ಮೂಗು ಬಾಯಿಗೆ ಕಟ್ಟಿ ಔಷಧದ ಆವಿ ಕೊಡುತ್ತಾರಲ್ಲ, ಆ ಪ್ಲಾಸ್ಟಿಕ್ ಮಾಸ್ಕುಗಳು. ಮೊದಲು ಸೋಪಿನ ನೀರು, ಆಮೇಲೆ ಔಷಧದ ನೀರು, ಕೊನೆಗೆ ಕುದಿಸಿ ಆರಿಸಿದ ನೀರು. ತೊಳೆದದ್ದನ್ನು ಕಿಟಕಿಗೆ ಕಟ್ಟಿದ ಹಗ್ಗಕ್ಕೆ ಕ್ಲಿಪ್ಪು ಹಾಕಿ ಸಿಕ್ಕಿಸುತ್ತಾರೆ. ಹದಿನಾಲ್ಕನೆಯದು ಕೈಯಲ್ಲಿರುವಾಗ ಬಾಗಿಲು ದಡಬಡ ಸದ್ದು ಮಾಡುತ್ತದೆ. ಹೊಸಿಲಲ್ಲಿ ಒಬ್ಬ ಹೆಂಗಸು. ಅವಳ ತೋಳಿನಲ್ಲಿ, ಎತ್ತಿಕೊಳ್ಳುವ ವಯಸ್ಸು ಎಂದೋ ಮೀರಿದ ಒಂಬತ್ತು ವರ್ಷದ ಹುಡುಗಿ. ಹುಡುಗಿಯ ಭುಜಗಳು ಕಿವಿಯವರೆಗೆ ಏರಿವೆ, ಕಣ್ಣು ರೆಪ್ಪೆ ಬಡಿಯುತ್ತಿಲ್ಲ.

ಆ ಹೆಂಗಸು ನಾನು. ಹುಡುಗಿ ನನ್ನ ಮಗಳು.

ಆಯಮ್ಮ ನನ್ನನ್ನು ಏನೂ ಕೇಳುವುದಿಲ್ಲ. ಸಿಸ್ಟರನ್ನು ಕೂಗುತ್ತಾರೆ, ಮಗಳನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸುತ್ತಾರೆ, ಮೂಲೆಯಿಂದ ಒಂದು ಗಿಡ್ಡ ಸ್ಟೂಲು ಎಳೆದು ಅವಳ ಕಾಲಬುಡದಲ್ಲಿ ಕೂರುತ್ತಾರೆ. ನಾನು ಮಾತ್ರ ಸುಮ್ಮನಿರಲಾರೆ. “ಎದೆ ಬಿಗೀತಿದ್ಯಾ ಕಂದಾ? ಯಾವಾಗಿಂದ? ಹೇಳು, ಏನಾದ್ರೂ ಹೇಳು!”

“ತಾಯಿ, ಉಸಿರಿಗೆ ಪರದಾಡೋರ ಹತ್ರ ಉತ್ತರ ಕೇಳಬಾರ್ದು,” ಅನ್ನುತ್ತಾರೆ ಆಯಮ್ಮ, ತಿರುಗಿಯೂ ನೋಡದೆ. “ಮಾತಾಡೋಕೂ ಉಸಿರೇ ಬೇಕಲ್ವಾ?” ಆಮೇಲೆ ಮಗಳತ್ತ ಕೈ ಚಾಚುತ್ತಾರೆ. “ಬಾ ಗುಬ್ಬಿ. ಕಷ್ಟ ಅಂದ್ರೆ ನನ್ನ ಒಂದು ಬೆರಳು ಹಿಡ್ಕೋ. ಪರವಾಗಿಲ್ಲ ಅಂದ್ರೆ ಎರಡು. ಮಾತು ಬೇಡ.”

ಮಗಳು ಒಂದು ಬೆರಳು ಹಿಡಿಯುತ್ತಾಳೆ. ಬೆರಳಿನ ತುದಿ ಬೆಳ್ಳಗಾಗುವಷ್ಟು ಬಿಗಿಯಾಗಿ.

ಇಪ್ಪತ್ತಮೂರು ವರ್ಷಗಳಿಂದ ಆಯಮ್ಮನ ಕೆಲಸ ಇದೇ. ದಿನಕ್ಕೆ ಮೂವತ್ತು ಮಂದಿ, ಚಳಿ ಬಿದ್ದರೆ ಅರವತ್ತು. ಯಂತ್ರಕ್ಕೆ ಔಷಧ ಹಾಕುವವರು ಸಿಸ್ಟರು, ಎದೆಗೆ ಕೊಳವೆ ಇಟ್ಟು ಕೇಳುವವರು ಡಾಕ್ಟರು. ಮಾಸ್ಕ್ ತೊಳೆಯುವುದು, ಕಟ್ಟುವುದು, ಕಟ್ಟಿಸಿಕೊಂಡವರ ಪಕ್ಕ ಹತ್ತು ನಿಮಿಷ ಕೂರುವುದು ಆಯಮ್ಮನ ಪಾಲಿಗೆ. ಕೂರಬೇಕೆಂದು ಯಾರೂ ಹೇಳಿಲ್ಲ. ಮಾಸ್ಕ್ ಕಂಡರೆ ಎದ್ದು ಓಡುವ ದೊಡ್ಡವರೂ ಇದ್ದಾರೆ. ಒಬ್ಬ ಕಂಡಕ್ಟರಿಗೆ ಇವರು ಗದರಿದ್ದನ್ನು ಸಿಸ್ಟರು ಇನ್ನೂ ನೆನೆದು ನಗುತ್ತಾರೆ: “ಬಸ್ಸಲ್ಲಿ ಎಪ್ಪತ್ತು ಜನರ ಜೊತೆ ಜಗಳ ಆಡ್ತೀಯಲ್ಲಪ್ಪಾ, ಈ ಪ್ಲಾಸ್ಟಿಕ್ ಮೂತಿಗೆ ಹೆದರ್ತೀಯಾ?”

ಯಾರ ಉಸಿರಾಟವನ್ನೂ ಆಯಮ್ಮ ‘ನಾಟಕ’ ಅನ್ನುವುದಿಲ್ಲ. ಪಕ್ಕದಲ್ಲಿದ್ದವರು ಹಾಗೆ ಅಂದರೆ ಆಯಮ್ಮನ ಮುಖ ಕಲ್ಲಾಗುತ್ತದೆ. ಅವರಿಗೊಬ್ಬಳು ತಂಗಿಯಿದ್ದಳು. ಮದುವೆಯಾದ ಮನೆಯಲ್ಲಿ ಉಬ್ಬಸ ಬಂದಾಗಲೆಲ್ಲ, ಕೆಲಸಗಳ್ಳಿ, ನಾಟಕ ಹೂಡುತ್ತಾಳೆ ಅನ್ನುತ್ತಿದ್ದರು. “ಅಕ್ಕಾ, ನನಗೂ ಹಾಗೇ ಅನ್ಸುತ್ತೆ, ಎಲ್ಲಾ ನನ್ನ ತಲೇಲೇ ಇರ್ಬೇಕು ಅಂದ್ಲು. ನಾನೂ ಹೂಂ ಅಂದ್ಬಿಟ್ಟೆ,” ಅನ್ನುತ್ತಾರೆ ಆಯಮ್ಮ. ಒಂದು ಬೆಳಿಗ್ಗೆ ನೀರು ತುಂಬುತ್ತಿದ್ದವಳು ಉಸಿರು ಕಟ್ಟಿ ಕುಸಿದಳು, ನಲ್ಲಿ ನಿಲ್ಲಿಸಲು ಏಳಲೇ ಇಲ್ಲ. “ಆಮೇಲೆ ನಾನು ಯಾವುದಕ್ಕೂ ಹೂಂ ಅನ್ನಲ್ಲ. ಎದೇದೋ ಮನಸ್ಸಿಂದೋ ಡಾಕ್ಟರು ನೋಡ್ಲಿ. ಒದ್ದಾಟ ಎರಡರಲ್ಲೂ ನಿಜಾನೇ.”

ಅಂದು ನನ್ನ ಮಗಳ ಎದೆ ಕೇಳಿದ ಡಾಕ್ಟರು, ಸುಂಯ್ ಸದ್ದು ಸ್ವಲ್ಪವೇ ಇದೆ, ಆದರೆ ಮಗು ವಿಪರೀತ ಹೆದರಿದೆ ಅಂದರು. ಉಬ್ಬಸ ಇರುವವರಲ್ಲಿ ಆತಂಕ, ಖಿನ್ನತೆ ಹೆಚ್ಚು, ಹೆದರಿಕೆಗೆ ಉಸಿರು ಇನ್ನಷ್ಟು ಕೆಡುತ್ತದೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಮಾಡಿದರೆ ಸಾಲದು ಅಂತ ಬಿಡಿಸಿ ಹೇಳಿದರು. ನನ್ನ ತಲೆಗೆ ಯಾವುದೂ ಹತ್ತಲಿಲ್ಲ. ಮೂರು ವಾರದ ಹಿಂದೆ ಉಬ್ಬಸಕ್ಕೆ ಆಸ್ಪತ್ರೆ ಸೇರಿ ಮನೆಗೆ ಬಂದಾಗಿನಿಂದ ಮಗಳು ಆಟ ಬಿಟ್ಟಿದ್ದಳು, ಕೇಳಿದ್ದಕ್ಕೆ ತಲೆಯಾಡಿಸುವುದು ಬಿಟ್ಟರೆ ಮಾತಿರಲಿಲ್ಲ. ಏನು ಅನ್ನುವುದೇ ಗೊತ್ತಾಗದ ಭಯ, ಒಲೆಯ ಮುಂದೆ ನಿಂತರೂ ಬಟ್ಟೆ ಹಿಂಡುತ್ತಿದ್ದರೂ ನನ್ನ ಬೆನ್ನಿಗೇ ಇರುತ್ತಿತ್ತು.

ಉಬ್ಬಸ ಬಂದಾಗ ಬಾಯಿಗಿಟ್ಟು ಔಷಧ ಎಳೆದುಕೊಳ್ಳುವ ಅವಳ ಪಂಪನ್ನು ಆಯಮ್ಮ ಕೈಗೆ ತೆಗೆದುಕೊಂಡು ಹಿಂದೆ ತಿರುಗಿಸಿದರು. ಎಷ್ಟು ಸಲ ಒತ್ತಲು ಉಳಿದಿದೆ ಎಂದು ಅಲ್ಲಿ ಅಂಕಿ ಕಾಣುತ್ತದೆ. ಹದಿನೇಳು ದಿನದ ಹಿಂದೆ ಹೊಸದು ತಂದಾಗ ಇನ್ನೂರಿತ್ತು. ಈಗ ಒಂಬತ್ತು.

ಇಷ್ಟೊಂದು ಔಷಧ ಎಳೆದುಕೊಂಡಳೇ? ಆಯಮ್ಮ ದನಿ ಏರಿಸಲಿಲ್ಲ. “ಗುಬ್ಬಿ, ಎದೆಗೆ ಹೋಗಿದ್ರೆ ಒಂದು ಬೆರಳು. ಗಾಳಿಗೆ ಹೋಗಿದ್ರೆ ಎರಡು.”

ಎರಡು.

ಹೊಸ ಪಂಪು ತಂದಾಗ ಗಾಳಿಗೆ ಒತ್ತಿ, ಕೆಲಸ ಮಾಡುತ್ತದೆಯೇ ನೋಡಬೇಕೆಂದು ಕಲಿಸಿದವಳು ನಾನೇ. ಅವಳು ದಿನವೂ ನೋಡಿದ್ದಾಳೆ. ಶಾಲೆಯ ಶೌಚಾಲಯದಲ್ಲಿ, ಮೆಟ್ಟಿಲ ಕೆಳಗೆ, ನಾನು ಸ್ನಾನಕ್ಕೆ ಹೋದಾಗ. ಇನ್ನೂ ಬರುತ್ತದೆಯೇ, ಇನ್ನೂ ಬರುತ್ತದೆಯೇ ಎಂದು ಒತ್ತಿ ಒತ್ತಿ, ನಿಜಕ್ಕೂ ಬೇಕಾದ ಗಳಿಗೆಗೆ ಬರಿದಾಗುವಷ್ಟು ಖಾಲಿ ಮಾಡಿದ್ದಾಳೆ.

“ಬೈಬೇಡಿ,” ಅಂದರು ಆಯಮ್ಮ. “ನೀವೂ ಅದನ್ನೇ ಮಾಡ್ತಿದ್ದೀರಿ.”

“ನಾನಾ?”

“ಬಂದಾಗಿಂದ ನಿಮ್ಮ ತುಟಿ ಅಲ್ಲಾಡ್ತಾ ಇದೆ. ಅವಳ ಉಸಿರು ಎಣಿಸ್ತಿದ್ದೀರಿ. ಅವಳು ನಿಮ್ಮ ತುಟೀನೇ ನೋಡ್ತಿದ್ದಾಳೆ.”

ಹೌದು. ಕಳೆದ ಸಲ ಆಸ್ಪತ್ರೆಯಿಂದ ಹೊರಟಾಗ, ಉಸಿರು ಜೋರಾದರೆ ಒಂದು ನಿಮಿಷ ಎಣಿಸಿ ಎಂದಿದ್ದರು. ನಾನು ಜೋರಾಗಲಿ ಬಿಡಲಿ ಎಣಿಸುತ್ತಿದ್ದೆ. ಜಡೆ ಹೆಣೆಯುವಾಗ, ಅವಳು ಉಣ್ಣುವಾಗ, ಪುಸ್ತಕ ಹಿಡಿದು ಕೂತಾಗ. ಮೌನವಾಗಿ ಎಣಿಸಿದರೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ.

ಹೊಸ ಪಂಪು ಬಂತು. ಮನಸ್ಸಿನ ಡಾಕ್ಟರು ಎರಡನೇ ಮಹಡಿಯಲ್ಲಿದ್ದಾರೆ, ವಾರಕ್ಕೊಮ್ಮೆ ಹೋಗುತ್ತೇವೆ. ಇಳಿದು ಬರುವಾಗ ಮಗಳು ಉಸಿರಿನ ಕೋಣೆಗೆ ನುಗ್ಗಿ ಮಾಸ್ಕುಗಳಿಗೆ ಕ್ಲಿಪ್ಪು ಹಾಕುತ್ತಾಳೆ. ಬೆರಳಲ್ಲೇ ಮಾತು, ಬಾಯಿ ಇನ್ನೂ ಬಿಟ್ಟಿಲ್ಲ. “ಗಂಟಲಲ್ಲಿ ಏನೋ ಒಂದು ಇಟ್ಕೊಂಡಿದ್ದಾಳೆ,” ಅನ್ನುತ್ತಾರೆ ಆಯಮ್ಮ. “ಕಿತ್ತು ತೆಗೀಬೇಡಿ. ಅದೇ ಬರ್ಲಿ.”

ನಿಮಗೇನಾದರೂ ಆಗಬೇಕಿತ್ತೇ ಅಂತ ಈ ವಾರ ಅವರನ್ನು ಕೇಳುತ್ತೇನೆ. ನಾನಿದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ, ಓದಿ ಯಾರಾದರೂ ಕೊಟ್ಟಾರು. ಅವರು ಒದ್ದೆ ಕೈ ಒರೆಸಿಕೊಂಡು ನಗುತ್ತಾರೆ. “ಇನ್ನೊಂದು ಗಿಡ್ಡ ಸ್ಟೂಲು. ಜೊತೆಗೆ ಬರೋ ಅಮ್ಮಂದಿರನ್ನೂ ಕೆಳಗೆ ಕೂರಿಸ್ಬೇಕು. ಹೆದರಿರೋ ಮಕ್ಕಳಿಗೆ ಮೇಲಿಂದ ಬಗ್ಗಿ ನೋಡೋ ಮುಖ ಕಂಡ್ರೆ ಇನ್ನೂ ಭಯ.” ಹೇಳುತ್ತಲೇ ತಮ್ಮ ಸ್ಟೂಲನ್ನು ನನ್ನತ್ತ ತಳ್ಳುತ್ತಾರೆ. “ಇವತ್ತು ಇದರಲ್ಲಿ ನೀವು ಕೂತ್ಕೊಳ್ಳಿ.”

ಕೂರುತ್ತೇನೆ. ಕುರ್ಚಿಯಲ್ಲಿರುವ ಮಗಳು ಮೊದಲ ಸಲ ನನ್ನನ್ನು ಮೇಲಿನಿಂದ ನೋಡುತ್ತಾಳೆ. ತುಟಿ ಅಲ್ಲಾಡದಂತೆ ಹಲ್ಲು ಕಚ್ಚಿಕೊಂಡು ಎರಡು ಬೆರಳು ಚಾಚುತ್ತೇನೆ. ಅವಳು ಹಿಡಿಯುವುದಿಲ್ಲ. ಕೈಯಲ್ಲಿದ್ದ ಕ್ಲಿಪ್ಪನ್ನು ಮಡಿಲಲ್ಲಿಟ್ಟು, ಉಸಿರೆಳೆದುಕೊಳ್ಳುತ್ತಾಳೆ.

“ಅಮ್ಮಾ, ನೀನು ದಿನಾ ಎಣಿಸ್ತಿದ್ದದ್ದು, ನಾನು ಸತ್ತೋಗ್ತೀನಿ ಅಂತಾನಾ?”