ಹೌದೆನ್ನದ ರಕ್ತ

ನೆದರ್ಲೆಂಡ್ಸಿನ ಬೆಸ್ಟ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯವರು ಉಡುಪಿ ಕಡೆಯವರು. ರಕ್ತಪರೀಕ್ಷೆಯ ಪ್ರಯೋಗಾಲಯದಿಂದ ನಿವೃತ್ತರಾಗಿ ಒಬ್ಬರೇ ಇದ್ದರು. ಮಾತಿಗೆ ಮೊದಲು ಎರಡು ಬೆರಳುಗಳನ್ನು ಬೆಳಕಿಗೆ ಎತ್ತುತ್ತಿದ್ದರು, ನಡುವೆ ಗಾಜಿನ ಪಟ್ಟಿಯೊಂದು ಇದೆಯೆಂಬಂತೆ. “ರಕ್ತ ‘ಅಲ್ಲ’ ಅಂತ ಹೇಳ್ತದೆ ಮಾರಾಯ್ರೇ, ‘ಹೌದು’ ಅಂತ ಹೇಳುದಿಲ್ಲ” ಎಂಬುದು ಅವರ ಪಲ್ಲವಿ.

ಮೊದಲ ಲಾಕ್‌ಡೌನಿನಲ್ಲಿ ನನ್ನ ಮೊಮ್ಮಗಳು ಹುಟ್ಟಿದಳು. ಹನ್ನೊಂದನೆಯ ದಿನ ನಾವೆಲ್ಲ ಹಿತ್ತಲಲ್ಲಿ ಕುಳಿತಿದ್ದಾಗ, ವಿಡಿಯೋ ಕರೆಯಲ್ಲಿ ಮೈಸೂರಿನ ಬೀಗರು ನಕ್ಕರು: “ಅಪ್ಪ ಅಮ್ಮ ಇಬ್ಬರೂ ಪಾಸಿಟಿವ್, ಮಗು ಮಾತ್ರ ನೆಗೆಟಿವ್. ನಮ್ಮ ವಂಶದಲ್ಲಿಲ್ಲದ್ದು ಎಲ್ಲಿಂದ ಬಂತೋ?” ನನ್ನ ಮಗಳು ಎದ್ದು ಒಳಗೆ ಹೋದಳು. ಅಳಿಯ ಫೋನಿನ ದನಿ ತಗ್ಗಿಸಿದ, ಅಷ್ಟೇ. ಅದನ್ನು ನಾನು ಮರೆತಿಲ್ಲ.

ಬೇಲಿಯಾಚೆಯಿಂದ ನೆರೆಯವರ ದನಿ ಬಂತು: “ಇಬ್ಬರು ಪಾಸಿಟಿವ್‌ನವರಿಗೂ ನೆಗೆಟಿವ್ ಮಗು ಆಗ್ತದೆ. ಇದು ಕೊರೊನಾ ಅಲ್ಲ ಮಾರಾಯ್ರೇ, ರಕ್ತದ ಗುಂಪು.” ಬೀಗರು ಕರೆ ಕತ್ತರಿಸಿದರು. ಕ್ಷಮೆಯ ಮಾತು ಇಂದಿಗೂ ಬಂದಿಲ್ಲ.

ಸಂಜೆ ಕೃತಜ್ಞತೆ ಹೇಳಲು ಬೇಲಿಯ ಬಳಿ ಹೋದೆ. ಅವರು ನಿಯಮದಂತೆ ಒಂದೂವರೆ ಮೀಟರು ದೂರ ನಿಂತು, ಬೆರಳೆತ್ತಿ, ನಿಧಾನವಾಗಿ ಹೇಳಿದರು: “ನನ್ನದು ಓ. ನನ್ನ ಮಗಳದ್ದು ಎಬಿ. ಓ ಗುಂಪಿನ ಅಪ್ಪನಿಗೆ ಎಬಿ ಮಗು ಆಗುದಿಲ್ಲ. ನಾನೇ ಪರೀಕ್ಷೆ ಮಾಡಿದ್ದು, ಅವಳಿಗೆ ಆರು ವರ್ಷ ಆಗಿದ್ದಾಗ.”

“ಯಾರಿಗಾದರೂ ಹೇಳಿದ್ದೀರಾ?”

“ಈಗ, ನಿಮಗೆ.”

ಒಳಗೆ ಫೋನು ಮೊಳಗಿತು. ಅಪ್ಪನಿಗೆ ಕೆಮ್ಮಿದೆಯೇ ಎಂದು ವಿಚಾರಿಸಲು ಲೈಡನ್ ಊರಿನಲ್ಲಿದ್ದ ಆ ಮಗಳು ಪ್ರತಿದಿನ ಅದೇ ಹೊತ್ತಿಗೆ ಕರೆಯುತ್ತಿದ್ದಳು. ಇಡೀ ದಿನದಲ್ಲಿ ಆ ಮನೆಯಿಂದ ಕೇಳುತ್ತಿದ್ದ ಮಾತು ಅದೊಂದೇ. ಅವರು ಬೆರಳಿಳಿಸಿ ಓಡಿದರು. ತೆರೆದ ಕಿಟಕಿಯಿಂದ ಕೇಳಿಸಿತು:

“ಹೌದು ಮಗಾ, ಅಪ್ಪನೇ.”