ಅಕ್ಕನ ಮನೆಯ ತಾಳೆತೊಲೆ

ನನ್ನ ಅಕ್ಕನ ಮನೆಯ ಚಾವಣಿಯನ್ನು ಕೆಡವಿದವರು ದಿಂಡಿಗಲ್ಲಿನ ಮರಗೆಲಸದ ಶಾಲೆಯನ್ನು ನಡೆಸುತ್ತಿರುವ ಆಡಳಿತ ಮಂಡಳಿಯವರು. ಅವರಲ್ಲಿ ಒಬ್ಬರೂ ಕಂಬಂ ಕಣಿವೆಯ ನಮ್ಮ ಊರಿಗೆ ಬಂದವರಲ್ಲ, ಆ ಚಾವಣಿ ಹೊತ್ತ ತೊಲೆಯನ್ನು ಮುಟ್ಟಿದವರಲ್ಲ. ಆದರೂ ಅದನ್ನು ಮುರಿದವರು ಅವರೇ. ಅವರ ಪಕ್ಕದಲ್ಲಿ ನಿಲ್ಲಬೇಕಾದ ಇನ್ನೊಬ್ಬ ತಪ್ಪಿತಸ್ಥನೂ ಇದ್ದಾನೆ. ಅವನನ್ನೂ ನಾನು ಮರೆಮಾಡುವುದಿಲ್ಲ.

ನಮ್ಮದು ತಲೆಮಾರುಗಳಿಂದ ಆ ಕಣಿವೆಯಲ್ಲಿ ಬೇಸಾಯ ಮಾಡುತ್ತ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ ಬಂದ ಕುಟುಂಬ. ನಮ್ಮವರು ಉಳಿ ಹಿಡಿದವರಲ್ಲ. ಮನೆ ಕಟ್ಟಬೇಕಾದಾಗ ಆಸಾರಿಯನ್ನು, ಎಂದರೆ ಊರಿನ ಬಡಗಿಯನ್ನು, ಕರೆಸುವುದೇ ರೂಢಿ. ಅಣ್ಣನಿಗೆ ಮಾತ್ರ ಮೊದಲಿನಿಂದಲೂ ಮರದ ಮೇಲೆ ಮೋಹ. ಮನೆಗಟ್ಟುವ ಮರಗೆಲಸವನ್ನು ಜಾತಿ ಕೇಳದೆ ಕಲಿಸುವ ಶಾಲೆಯೊಂದು ದಿಂಡಿಗಲ್ಲಿನಲ್ಲಿ ತೆರೆದಿದೆ ಎಂದು ಮದರಾಸಿನ ಕಾಲೇಜಿನಲ್ಲಿದ್ದ ನನಗೆ ತಿಳಿದಾಗ, ಅವನ ಪರವಾಗಿ ಅರ್ಜಿ ಬರೆದವನು ನಾನೇ. ಅವನು ಗಾಡಿ ಹತ್ತಿದ ದಿನ ಅಕ್ಕ ಬಾಗಿಲಲ್ಲಿ ನಿಂತು, "ಬೇಗ ಕಲ್ತು ಬಾರೋ. ನಮ್ಮನೆಗೆ ಹೆಂಚಿನ ಮಾಡು ನೀನೇ ಹಾಕ್ಬೇಕು. ಅಲ್ಲೀಗಂಟ ಈ ಸೋರೋ ತಾಳೆಗರಿ ಅಡೀಲೇ ಕೂತಿರ್ತೀನಿ" ಎಂದಿದ್ದಳು.

ಒಂದು ರಜೆಯಲ್ಲಿ ದಿಂಡಿಗಲ್ಲಿನಲ್ಲಿ ರೈಲಿಳಿದು ಆ ಶಾಲೆಯನ್ನು ನೋಡಲು ಹೋದೆ. ಸಾಲಾಗಿ ಮೇಜುಗಳು; ಎಲ್ಲದರ ಮೇಲೂ ತೇಗ. ಅಧ್ಯಾಪಕರು ಒಂದು ದಿಮ್ಮಿಯ ಅಂಚನ್ನು ತೋರಿಸಿ, "ಹೊರಗಿನ ಈ ಬಿಳಿ ಮರ ಹುಳುವಿನ ಪಾಲು. ಪೂರ್ತಿ ಕೆತ್ತಿ ತೆಗೆಯಿರಿ, ನಾಲ್ಕು ಮುಖ ಚೌಕ ಮಾಡಿ ಉಜ್ಜಿರಿ. ಬಲವೆಲ್ಲ ಒಳಗಿದೆ" ಎಂದರು. ತೇಗದ ಮಟ್ಟಿಗೆ ಅದು ಸತ್ಯ. ನಾನು ತಲೆದೂಗಿದೆ. ಶಾಲೆಯ ಗೇಟಿನ ಹೊರಗೇ ನಾಲ್ಕು ತಾಳೆಮರಗಳು ನಿಂತಿದ್ದವು. ಅವುಗಳ ಮಾತನ್ನು ಒಳಗೆ ಯಾರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ತೇಗ ಸರ್ಕಾರಿ ಕಾಡಿನ ಸೊತ್ತು, ನಮ್ಮ ಕಣಿವೆಯ ಬಡ ಮನೆಗಳೆಲ್ಲ ನಿಂತಿರುವುದು ತಾಳೆಯ ಮೇಲೆ ಎಂಬುದು ಅಣ್ಣನಿಗೂ ನನಗೂ ಗೊತ್ತಿತ್ತು.

ಅಣ್ಣ ಪ್ರಮಾಣಪತ್ರ ಹಿಡಿದು ಊರಿಗೆ ಬಂದ. ಭಾವ ಹೊಲದ ಬದುವಿನಲ್ಲಿದ್ದ ಹಳೆಯ ತಾಳೆಯನ್ನು ಕಡಿಸಿಕೊಟ್ಟರು. ಶಾಲೆಯಲ್ಲಿ ಕಲಿತಂತೆಯೇ ಅಣ್ಣ ಅದರ ಕರಿಯ ಹೊರಮೈಯನ್ನು ಬಾಚಿಯಿಂದ ಕೆತ್ತಿದ, ನಾಲ್ಕು ಮುಖ ಮಾಡಿದ, ಉಜ್ಜುಗೊರಡು ಹಾಕಿದ. ಹೊರಪದರದಲ್ಲಿ ಬಾಚಿ ಎರಡು ಸಲ ಮೊಂಡಾಯಿತು. ಒಳಗೆ ಹೋದಂತೆ ಕೆಲಸ ಸರಾಗವಾಯಿತು. ತನ್ನ ಕೈ ಪಳಗಿತೆಂದೇ ಅವನು ತಿಳಿದ.

ಆ ಹೊತ್ತಿಗೆ ಊರಿನ ಆಸಾರಿ ದಾರಿಯಲ್ಲಿ ಬಂದರು. ಬಗ್ಗಿ ಒಂದು ಹಿಡಿ ಕರಿಚಕ್ಕೆ ಎತ್ತಿಕೊಂಡರು.

"ಏನ್ ತಂಬಿ, ತೊಲೆ ಮಾಡ್ತಿದೀಯಾ, ಬಾಳೆದಿಂಡು ಸುಲೀತಿದೀಯಾ? ಮರಾನೆಲ್ಲ ಒಲೆಗೆ ಹಾಕಿ, ಬೆಂಡನ್ನ ಗೋಡೆ ಮೇಲಿಡ್ತೀಯಾ?"

ಅಣ್ಣನ ಕೈ ನಿಂತಿತು. ಅವನು ನನ್ನ ಮುಖ ನೋಡಿದ. ನಾನು ಕಲ್ಲಿನ ಮೇಲೆ ಪುಸ್ತಕ ಹಿಡಿದು ಕೂತಿದ್ದೆ.

"ಆಸಾರಿಯಾರೇ, ಅಣ್ಣ ಪರೀಕ್ಷೆ ಪಾಸು ಮಾಡಿದಾನೆ. ಕೆಲಸ ಕೈತಪ್ಪಿತು ಅಂತ ಹೊಟ್ಟೆಕಿಚ್ಚು ಬೇಡ," ಎಂದೆ.

"ಆಗ್ಲಿ ಸಾಮಿ. ಪಾಸು ಮಾಡಿದ್ದು ಅವನು. ಮರ ಪರೀಕ್ಷೆಗೆ ಕೂತಿರಲಿಲ್ಲವಲ್ಲ," ಎಂದು ಚಕ್ಕೆಯನ್ನು ಕೆಳಗೆ ಹಾಕಿ ನಡೆದರು.

ಅಣ್ಣ ಮತ್ತೆ ಗೊರಡು ಎತ್ತಿದ. ನಾನು ಹೇಳಿದ ಇನ್ನೊಬ್ಬ ತಪ್ಪಿತಸ್ಥ ನಾನೇ.

ದೀಪಾವಳಿ ಹೊತ್ತಿನ ಐಪಸಿ ತಿಂಗಳ ಮಳೆಗೆ, ಅಣ್ಣ ಹಾಕಿದ ಮಾಡಿನ ಹೆಂಚು ನೆನೆದು ಭಾರವಾದ ಒಂದು ಮಧ್ಯಾಹ್ನ ನಡುತೊಲೆ ಮುರಿಯಿತು. ಅಕ್ಕ ರುಬ್ಬುತ್ತ ಕೂತಿದ್ದಳು. ಅವಳ ಬಲಗೈ ಮುರಿಯಿತು, ಕೂಡಿಕೊಂಡಾಗ ಸೊಟ್ಟಾಗಿತ್ತು. ಈಗ ಅವಳು ಕೊಡವನ್ನು ಎಡಸೊಂಟದಲ್ಲಿ ಮಾತ್ರ ಹೊರುತ್ತಾಳೆ. ಸುದ್ದಿ ಕೇಳಿ ಬಂದ ಆಸಾರಿ ನನ್ನನ್ನು ನೋಡಲೂ ಇಲ್ಲ. ಮುರಿದ ತೊಲೆಯ ನಡುವಿಗೆ ಬೆರಳು ಒತ್ತಿದರು, ಬೆರಳು ಒಳಗಿಳಿಯಿತು. "ತಾಳೆಗೆ ಎಲುಬು ಹೊರಗಡೆ, ತಂಬಿ. ಸೀಳ್ಬೇಕು, ಕರೀ ಮೈ ಹಾಗೇ ಬಿಡ್ಬೇಕು. ನಿಂಗೆ ಯಾರೂ ಹೇಳ್ಲಿಲ್ವಾ?" ಎಂದು ಅಣ್ಣನನ್ನು ಮೆಲ್ಲಗೆ ಕೇಳಿದರು.

ನಡೆದದ್ದನ್ನೆಲ್ಲ ಮಂಡಳಿಗೆ ಬರೆದೆ. ಬಂದ ಉತ್ತರ ಇಂಗ್ಲಿಷಿನಲ್ಲಿ, ಮೂರೇ ಸಾಲು: ಅಪಘಾತಕ್ಕೆ ಕಾರಣ ವಿದ್ಯಾರ್ಥಿಯ ಅಜಾಗರೂಕತೆ, ಪ್ರಮಾಣಪತ್ರವನ್ನು ಹಿಂದಿರುಗಿಸತಕ್ಕದ್ದು. ಅದನ್ನು ಅಣ್ಣನಿಗೆ ಓದಿ ಹೇಳಿದವನೂ ನಾನೇ. ಅವನು ಉಪಕರಣಗಳನ್ನು ಗೋಣಿಗೆ ತುಂಬಿ ಅಟ್ಟಕ್ಕೆ ಹಾಕಿದ. ಆ ಪತ್ರವನ್ನು ಅವನು ನಂಬಿದ್ದಾನೆ. ನನಗೆ ಸಹಿಸಲಾಗದ್ದು ಇದು.

ಅಕ್ಕ ನಂಬಿಲ್ಲ. ಮತ್ತೆ ಗರಿ ಹೊದಿಸಿಕೊಂಡು ಕೂತಿದ್ದಾಳೆ. ಹೊಸ ತಾಳೆ ಕಡಿಸಿ ಅಂಗಳದಲ್ಲಿ ಹಾಕಿಸಿದ್ದಾಳೆ. ತಾನು ಪಕ್ಕದಲ್ಲಿ ನಿಂತು ತೋರಿಸುವೆನೆಂದು ಆಸಾರಿಯೂ ಒಪ್ಪಿದ್ದಾರೆ, ಅಣ್ಣ ಮಾತ್ರ ಗೋಣಿ ಬಿಚ್ಚಿಲ್ಲ. "ಅವನೇ ಹಾಕ್ಬೇಕು. ಬೇರೆ ಯಾರ ಕೈಯೂ ಈ ಮನೆಗೆ ಬೇಡ. ನಿನ್ನ ಬಿ.ಎ. ಬಾಯಿಂದ ಅವನ ಕೆಲ್ಸ ಕೆಡ್ಸಿದ್ಯಲ್ಲ, ಅದೇ ಬಾಯಿಂದ ಸರಿಮಾಡು" ಎಂದಿದ್ದಾಳೆ.

ಆದ್ದರಿಂದ ಮಂಡಳಿಯ ಮಹನೀಯರಲ್ಲಿ ವಿಧಿಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಕಲಿಸಿದ ಯಾವ ಪಾಠದಲ್ಲಿ ನನ್ನ ಅಣ್ಣ ಅಜಾಗರೂಕನಾಗಿದ್ದನೆಂದು ತಿಳಿಸಬೇಕು. ಅಂಥ ಪಾಠವೇ ಇಲ್ಲದಿದ್ದರೆ ಆ ಪದವನ್ನೂ ಪ್ರಮಾಣಪತ್ರ ಹಿಂದಿರುಗಿಸಬೇಕೆಂಬ ಆಜ್ಞೆಯನ್ನೂ ಹಿಂತೆಗೆದುಕೊಳ್ಳಬೇಕು. ಮುಂದಿನ ತಂಡ ಕಲಿಕೆ ಮುಗಿಸುವ ಮೊದಲು ಶಾಲೆಯ ಅಂಗಳಕ್ಕೆ ಒಂದು ತಾಳೆಯ ದಿಮ್ಮಿಯನ್ನೂ ಅದನ್ನು ಬಲ್ಲ ಒಬ್ಬ ಆಸಾರಿಯನ್ನೂ ತರಿಸಬೇಕು. ಉತ್ತರವನ್ನು ನನಗಲ್ಲ, ಅಣ್ಣನ ಹೆಸರಿಗೆ, ಅವನೇ ಓದಿಕೊಳ್ಳಬಲ್ಲ ತಮಿಳಿನಲ್ಲಿ ಬರೆಯಬೇಕು. ಮಳೆಗಾಲಕ್ಕೆ ಮುಂಚೆ ಅದು ತಲುಪಬೇಕು. ಕಡಿದ ತಾಳೆ ಅಂಗಳದಲ್ಲಿ ಬಿದ್ದಿದೆ.